ಹಸುಗೂಸು ಮಾತು ಕಲಿಯುವ ಬಗೆ: ಸಂಶೋಧನೆಯಲ್ಲಿ ಪೋಷಕರ ಪಾತ್ರ

ಹುಟ್ಟಿದ ಮಗು ಮೊದಲು ಅಳುತ್ತದೆ. ಕೆಲವು ವಾರಗಳಲ್ಲಿ ಮುಗುಳ್ನಗುತ್ತದೆ. ಮುಂದೆ ಕೇಕೆ ಹಾಕುತ್ತದೆ, ತೊದಲುತ್ತದೆ, ಬೆರಳು ಚಾಚಿ ತೋರಿಸುತ್ತದೆ. ವರ್ಷ ತುಂಬುವ ಹೊತ್ತಿಗೆ ಒಂದೆರಡು ಮಾತನಾಡಿ ಮನೆಮಂದಿಯನ್ನೆಲ್ಲ ಹಿಗ್ಗಿಸುತ್ತದೆ. ಯಾರೂ ಪಾಠ ಹೇಳಿಕೊಡದಿದ್ದರೂ ಮೂರು ನಾಲ್ಕು ವರ್ಷಗಳಲ್ಲಿ ತಾಯ್ನುಡಿಯ ತಿರುಳು ಅದಕ್ಕೆ ವಶವಾಗಿರುತ್ತದೆ. ನಿತ್ಯವೂ ಕಣ್ಣೆದುರಿಗೇ ನಡೆಯುವುದರಿಂದ ಇದು ಸಹಜವೆಂದು ತೋರುತ್ತದೆ. ಆದರೆ ಈ ಕಲಿಕೆ ಹೇಗೆ ಸಾಧ್ಯವಾಗುತ್ತದೆ, ಯಾವ ಹಂತದಲ್ಲಿ ಅದಕ್ಕೆ ಅಡಚಣೆ ಉಂಟಾಗುತ್ತದೆ, ಅಡಚಣೆಯನ್ನು ಎಷ್ಟು ಬೇಗ ಗುರುತಿಸಬಹುದು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ಮಕ್ಕಳನ್ನೇ ಗಮನಿಸಬೇಕು. ಅದಕ್ಕೆ ತಂದೆತಾಯಿಗಳ ಒಪ್ಪಿಗೆ ಬೇಕು.

ನಾಗಪುರ ಜಿಲ್ಲೆಯ ಉಮರೇಡ್ ಪಟ್ಟಣದ ಒಂದು ಮನೆಗಾಗಲಿ, ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರ ಮನೆಗಾಗಲಿ ಕಾರ್ಯಕರ್ತೆಯೊಬ್ಬರು ಬಂದು, “ನಿಮ್ಮ ಕೂಸು ಹೇಗೆ ಮಾತು ಕಲಿಯುತ್ತದೆಂದು ತಿಳಿಯಬೇಕಾಗಿದೆ, ಈ ಅಧ್ಯಯನಕ್ಕೆ ಸೇರಿಸಿಕೊಳ್ಳಬಹುದೇ?” ಎಂದು ಕೇಳಿದರೆ ಮನೆಯವರಿಗೆ ಎರಡು ಬಗೆಯ ಭಾವನೆಗಳು ಬರುವುದುಂಟು. ಮಗುವಿನ ಮೇಲೆ ಏನೋ ಪ್ರಯೋಗ ಮಾಡುತ್ತಾರೆಂಬ ಭಯ ಒಂದು. ದೊಡ್ಡ ಆಸ್ಪತ್ರೆಯವರು ಬಂದಿದ್ದಾರೆ, ಇನ್ನು ಮಗುವಿಗೆ ಎಲ್ಲವೂ ಒಳ್ಳೆಯದೇ ಆಗುತ್ತದೆಂಬ ಭರವಸೆ ಮತ್ತೊಂದು. ಎರಡೂ ಸರಿಯಾದ ತಿಳಿವಳಿಕೆಯಲ್ಲ. ಇಂತಹ ಸಂಶೋಧನೆಯಲ್ಲಿ ವಾಸ್ತವವಾಗಿ ಏನು ನಡೆಯುತ್ತದೆ, ಅದರಿಂದ ಯಾರಿಗೆ ಪ್ರಯೋಜನ, ಪೋಷಕರ ಹಕ್ಕುಗಳು ಯಾವುವು ಎಂಬುದನ್ನು ತಿಳಿದುಕೊಂಡು ತೀರ್ಮಾನಿಸುವುದು ಎಲ್ಲ ರೀತಿಯಿಂದಲೂ ಒಳಿತು.

ಮಾತಿಗೆ ಮುಂಚಿನ ಮಾತು

ಸಂವಹನವೆಂದರೆ ಕೇವಲ ಪದಗಳನ್ನು ಉಚ್ಚರಿಸುವುದಲ್ಲ. ನೋಟ, ನಗು, ಅಳು, ಕೈಸನ್ನೆ ಇವೆಲ್ಲವೂ ಸಂವಹನವೇ. ಸಾಮಾನ್ಯವಾಗಿ ಒಂದೂವರೆ ಎರಡು ತಿಂಗಳ ಮಗು ತನ್ನನ್ನು ಮಾತನಾಡಿಸಿದವರ ಮುಖ ನೋಡಿ ನಗುತ್ತದೆ. ಆರು ಏಳು ತಿಂಗಳ ಸುಮಾರಿಗೆ ‘ಬಾಬಾಬಾ’, ‘ದಾದಾದಾ’ ಎಂಬಂತಹ ತೊದಲು ಆರಂಭವಾಗುತ್ತದೆ. ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ ಮಗು ಬೇಕಾದ ವಸ್ತುವಿನತ್ತ ಬೆರಳು ತೋರಿಸಿ, ಅಮ್ಮನೂ ಅತ್ತ ನೋಡುತ್ತಿದ್ದಾಳೆಯೇ ಎಂದು ತಿರುಗಿ ನೋಡುತ್ತದೆ. ತಾನೂ ಇನ್ನೊಬ್ಬರೂ ಒಂದೇ ವಸ್ತುವನ್ನು ಗಮನಿಸುತ್ತಿದ್ದೇವೆ ಎಂಬ ಈ ಅರಿವೇ ಮುಂದಿನ ಮಾತಿಗೆ ಅಡಿಪಾಯವೆಂದು ತಜ್ಞರು ಭಾವಿಸುತ್ತಾರೆ. ಸನ್ನೆ ಭಾಷೆ ಬಳಸುವ ಮನೆಯಲ್ಲಿ ಬೆಳೆಯುವ ಕಿವುಡು ಮಕ್ಕಳು ಕೈಗಳಿಂದಲೇ ‘ತೊದಲುತ್ತವೆ’ ಎಂಬುದು 1991ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ ತಿಳಿದುಬಂದಿದೆ. ಭಾಷೆಯ ಹಂಬಲ ನಾಲಿಗೆಗೆ ಮಾತ್ರ ಸೀಮಿತವಲ್ಲವೆಂಬುದನ್ನು ಇದು ತೋರಿಸುತ್ತದೆ.

ಮಕ್ಕಳ ಮಾತನ್ನು ಬರೆದಿಡುವ ಪದ್ಧತಿ ಹೊಸದೇನಲ್ಲ. ವಿಕಾಸವಾದದ ಪ್ರತಿಪಾದಕ ಚಾರ್ಲ್ಸ್ ಡಾರ್ವಿನ್ ತನ್ನ ಮೊದಲ ಮಗನ ಶೈಶವವನ್ನು ಕುರಿತು ಇರಿಸಿದ್ದ ದಿನಚರಿಯ ಆಧಾರದ ಮೇಲೆ 1877ರಲ್ಲಿ ಲೇಖನವೊಂದನ್ನು ಪ್ರಕಟಿಸಿದ್ದನು. ಆದರೆ ತಂದೆಯೊಬ್ಬನ ದಿನಚರಿ ಒಂದೇ ಮಗುವಿನ ಕಥೆ ಹೇಳುತ್ತದೆ. ಎಲ್ಲ ಮಕ್ಕಳಿಗೂ ಅನ್ವಯಿಸುವ ಮಾತನ್ನು ಹೇಳಬೇಕಾದರೆ ಅನೇಕ ಮಕ್ಕಳನ್ನು ಒಂದೇ ಕ್ರಮದಲ್ಲಿ ಗಮನಿಸಬೇಕಾಗುತ್ತದೆ.

ಮಾತು ಬಾರದವರನ್ನು ಪ್ರಶ್ನಿಸುವ ಉಪಾಯ

ಮಾತೇ ಬಾರದ ಕೂಸಿಗೆ “ನಿನಗೆ ಏನು ಕೇಳಿಸಿತು?” ಎಂದು ಕೇಳುವುದು ಹೇಗೆ? ಈ ತೊಡಕನ್ನು ನಿವಾರಿಸಲು ವಿಜ್ಞಾನಿಗಳು ಸರಳವಾದ ಕೆಲವು ಉಪಾಯಗಳನ್ನು ಕಂಡುಕೊಂಡಿದ್ದಾರೆ. ಮಗು ತಾನಾಗಿಯೇ ಮಾಡಬಲ್ಲ ಕೆಲಸಗಳು ಮೂರು: ಚೀಪುವುದು, ನೋಡುವುದು, ತಲೆ ತಿರುಗಿಸುವುದು. ಇವನ್ನೇ ಅದರ ಉತ್ತರವೆಂದು ಗ್ರಹಿಸಲಾಗುತ್ತದೆ.

ರಬ್ಬರಿನ ಚೀಪುಗೊಂಬೆಗೆ ಒತ್ತಡವನ್ನು ಅಳೆಯುವ ಉಪಕರಣ ಜೋಡಿಸಿ, ಮಗು ಎಷ್ಟು ಬಿರುಸಾಗಿ ಚೀಪುತ್ತದೆಂದು ಗಮನಿಸುವುದು ಒಂದು ವಿಧಾನ. ಒಂದೇ ಧ್ವನಿಯನ್ನು ಪದೇಪದೇ ಕೇಳಿಸಿದಾಗ ಮಗು ಬೇಸತ್ತು ನಿಧಾನವಾಗಿ ಚೀಪುತ್ತದೆ. ಧ್ವನಿ ಬದಲಾದೊಡನೆ ಮತ್ತೆ ಚುರುಕಾಗುತ್ತದೆ. ಒಂದರಿಂದ ನಾಲ್ಕು ತಿಂಗಳ ಮಕ್ಕಳು ‘ಬ’ ಮತ್ತು ‘ಪ’ ಧ್ವನಿಗಳ ವ್ಯತ್ಯಾಸವನ್ನು ಗುರುತಿಸಬಲ್ಲವೆಂದು ಪೀಟರ್ ಐಮಾಸ್ ಮತ್ತು ಸಂಗಡಿಗರು 1971ರಲ್ಲಿ ತೋರಿಸಿಕೊಟ್ಟದ್ದು ಈ ವಿಧಾನದಿಂದಲೇ. ಹುಟ್ಟಿ ಮೂರು ದಿನ ಕಳೆಯುವುದರೊಳಗೆ ಶಿಶುಗಳು ಬೇರೆ ಹೆಂಗಸಿನ ಧ್ವನಿಗಿಂತ ತಾಯಿಯ ಧ್ವನಿಯನ್ನು ಬಯಸುತ್ತವೆ ಎಂಬುದು 1980ರಲ್ಲಿ ಹೀಗೆಯೇ ತಿಳಿದುಬಂದಿತು. ಸ್ವಲ್ಪ ದೊಡ್ಡ ಮಕ್ಕಳಿಗೆ ಧ್ವನಿ ಬದಲಾದಾಗಲೆಲ್ಲ ಪಕ್ಕದಲ್ಲಿ ಆಟಿಕೆಯೊಂದು ಬೆಳಗಿ ಕುಣಿಯುವಂತೆ ಏರ್ಪಾಡು ಮಾಡಲಾಗುತ್ತದೆ. ಮಗು ಬದಲಾವಣೆಯನ್ನು ಗ್ರಹಿಸಿದರೆ ಆಟಿಕೆ ಕುಣಿಯುವುದಕ್ಕೆ ಮೊದಲೇ ಅತ್ತ ತಲೆ ತಿರುಗಿಸುತ್ತದೆ. ಈ ಎಲ್ಲ ಸಂದರ್ಭಗಳಲ್ಲಿಯೂ ಮಗು ತಾಯಿಯ ಮಡಿಲಲ್ಲಿಯೋ ಅವಳ ಸಮೀಪದಲ್ಲಿಯೋ ಇರುತ್ತದೆ. ಚುಚ್ಚುಮದ್ದಾಗಲಿ ಔಷಧಿಯಾಗಲಿ ಇರುವುದಿಲ್ಲ. ಮಗು ಅತ್ತರೆ ಅಥವಾ ನಿದ್ದೆಹೋದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಕೆಲವು ಅಧ್ಯಯನಗಳಲ್ಲಿ ಮಿದುಳಿನ ಸೂಕ್ಷ್ಮ ವಿದ್ಯುತ್ ಸಂಕೇತಗಳನ್ನು ದಾಖಲಿಸಲು ಮಗುವಿನ ತಲೆಗೆ ಮೃದುವಾದ ಟೊಪ್ಪಿಗೆ ತೊಡಿಸುತ್ತಾರೆ. ಈ ಟೊಪ್ಪಿಗೆ ಸಂಕೇತಗಳನ್ನು ಗ್ರಹಿಸುತ್ತದೆಯೇ ಹೊರತು ಮಗುವಿನ ತಲೆಗೆ ವಿದ್ಯುತ್ತನ್ನು ಹಾಯಿಸುವುದಿಲ್ಲ. ಇನ್ನು ಕೆಲವು ಅಧ್ಯಯನಗಳಲ್ಲಿ ಮನೆಯ ಮಾತುಕತೆಯನ್ನು ಧ್ವನಿಮುದ್ರಿಸುವುದು, ಮಗು ಆಡುವ ಪದಗಳ ಪಟ್ಟಿಯನ್ನು ತಾಯಿಯಿಂದ ಕೇಳಿ ಬರೆದುಕೊಳ್ಳುವುದು ಇಷ್ಟೇ ಇರುತ್ತದೆ.

‘ಕತ್ತು’ ಮತ್ತು ‘ಕಟ್ಟು’

ಈ ಸಂಶೋಧನೆಗಳಿಗೂ ಭಾರತೀಯ ಭಾಷೆಗಳಿಗೂ ಹತ್ತಿರದ ನಂಟುಂಟು. ಕೆನಡಾದ ಜಾನೆಟ್ ವೆರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನಕ್ಕೆ ಹಿಂದಿಯ ತಕಾರ ಮತ್ತು ಟಕಾರಗಳು ಆಧಾರವಾಗಿದ್ದವು. ನಾಲಿಗೆಯನ್ನು ಹಲ್ಲಿಗೆ ತಾಗಿಸಿ ನುಡಿಯುವ ‘ತ’, ಹಿಂದಕ್ಕೆ ಮಡಿಸಿ ನುಡಿಯುವ ‘ಟ’ ಇವೆರಡರ ಭೇದ ಇಂಗ್ಲಿಷಿನಲ್ಲಿ ಇಲ್ಲ. ಕನ್ನಡಿಗರಿಗಾದರೋ ‘ಕತ್ತು’ ಮತ್ತು ‘ಕಟ್ಟು’ ಬೇರೆ ಬೇರೆ ಪದಗಳು. ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಮಕ್ಕಳು ಈ ಎರಡು ಧ್ವನಿಗಳನ್ನು ಬಹುಮಟ್ಟಿಗೆ ಬೇರ್ಪಡಿಸಬಲ್ಲವಾಗಿದ್ದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹುತೇಕ ಕುಂದಿತ್ತು. ಹಿಂದಿ ಕೇಳುತ್ತ ಬೆಳೆದ ಅದೇ ವಯಸ್ಸಿನ ಮಕ್ಕಳಲ್ಲಿ ಅದು ಉಳಿದಿತ್ತು. ಎಂದರೆ, ಮೊದಲ ಪದವನ್ನು ಆಡುವ ಮುನ್ನವೇ ಮಗು ತನ್ನ ಸುತ್ತಲಿನ ಭಾಷೆಗೆ ತಕ್ಕಂತೆ ಕಿವಿಯನ್ನು ಹದಗೊಳಿಸಿಕೊಂಡಿರುತ್ತದೆ.

ಈ ಕಲಿಕೆಗೆ ಜೀವಂತ ಒಡನಾಟ ಅಗತ್ಯವೆಂಬುದಕ್ಕೂ ಆಧಾರ ದೊರೆತಿದೆ. ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳೊಂದಿಗೆ ಚೀನೀ ಭಾಷೆಯವರು 12 ಬಾರಿ ಕುಳಿತು ಆಡಿ ಮಾತನಾಡಿದರು. ಆ ಮಕ್ಕಳು ಚೀನೀ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ಅದೇ ಮಾತನ್ನು ದೃಶ್ಯಮುದ್ರಿಕೆಯಲ್ಲಿ ನೋಡಿದ ಮಕ್ಕಳು ಕಲಿಯಲಿಲ್ಲ. ಮಗುವಿನ ಕೈಗೆ ಮೊಬೈಲ್ ಕೊಟ್ಟು ಸುಮ್ಮನಾಗಿಸುವ ಇಂದಿನ ದಿನಗಳಲ್ಲಿ ಇದು ಪ್ರತಿ ಮನೆಯೂ ಗಮನಿಸಬೇಕಾದ ಸಂಗತಿ.

ಕನ್ನಡದ ಮಕ್ಕಳೂ ಇಂತಹ ಅಧ್ಯಯನಗಳಿಗೆ ನೆರವಾಗಿದ್ದಾರೆ. ‘ಹತ್ತು’ ಎಂಬ ಕ್ರಿಯಾಪದಕ್ಕೆ ‘ಇಸು’ ಸೇರಿದರೆ ‘ಹತ್ತಿಸು’ ಆಗುತ್ತದೆ. ಮಾಡುವವನಲ್ಲದೆ ಮಾಡಿಸುವವನೂ ಇದ್ದಾನೆಂದು ಆ ಪ್ರತ್ಯಯ ಸೂಚಿಸುತ್ತದೆ. ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವರ್ಷದ ಆಸುಪಾಸಿನ ಕನ್ನಡ ಮಕ್ಕಳಿಗೆ ಇಂತಹ ವಾಕ್ಯಗಳನ್ನು ಹೇಳಿ, ಆಟಿಕೆಗಳಿಂದ ಅಭಿನಯಿಸಿ ತೋರಿಸಲು ಕೇಳಲಾಯಿತು. ಪ್ರತ್ಯಯವೇ ಹೆಚ್ಚು ಖಚಿತವಾದ ಸೂಚನೆಯಾಗಿದ್ದರೂ ಮಕ್ಕಳು ಅದಕ್ಕಿಂತ ಮಿಗಿಲಾಗಿ ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನೇ ನೆಚ್ಚಿಕೊಂಡು ಅರ್ಥಮಾಡಿಕೊಂಡರು. ಮಕ್ಕಳು ಕೇಳಿದ್ದನ್ನು ಗಿಳಿಯಂತೆ ಒಪ್ಪಿಸುವುದಿಲ್ಲ, ಅವರದೇ ಆದ ಕ್ರಮದಲ್ಲಿ ಭಾಷೆಯನ್ನು ಕಟ್ಟಿಕೊಳ್ಳುತ್ತಾರೆ ಎಂಬ ವಾದಕ್ಕೆ ಇದರಿಂದ ಬಲ ಬಂದಿತು. ಕನ್ನಡದ ರಚನೆ ಇಂಗ್ಲಿಷಿಗಿಂತ ಭಿನ್ನವಾಗಿರುವುದರಿಂದಲೇ ಈ ಪ್ರಶ್ನೆಗೆ ಕನ್ನಡದ ಮಕ್ಕಳಿಂದ ಉತ್ತರ ಪಡೆಯಬೇಕಾಯಿತು.

ಬರೋಡಾದ ಮಕ್ಕಳು ಕೊಟ್ಟ ಅಳತೆಗೋಲು

“ಇದರಿಂದ ನಮ್ಮ ಮಗುವಿಗೇನು ಲಾಭ?” ಎಂದು ಪೋಷಕರು ಕೇಳುವುದು ನ್ಯಾಯವಾಗಿಯೇ ಇದೆ. ಅನೇಕ ಅಧ್ಯಯನಗಳಲ್ಲಿ ಪಾಲ್ಗೊಂಡ ಮಗುವಿಗೆ ನೇರವಾದ ಲಾಭವೇನೂ ಇರುವುದಿಲ್ಲ. ಲಾಭ ಬೇರೆ ಮಕ್ಕಳಿಗೆ, ಅನೇಕ ವೇಳೆ ಮುಂದಿನ ತಲೆಮಾರಿನವರಿಗೆ ಸಲ್ಲುತ್ತದೆ. ಅದು ಹೇಗೆ ಸಲ್ಲುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಉತ್ತಮ ನಿದರ್ಶನವಿದೆ.

ಶಿಶುಗಳ ಬೆಳವಣಿಗೆಯನ್ನು ಅಳೆಯಲು ಅಮೆರಿಕದ ಮನೋವಿಜ್ಞಾನಿ ನ್ಯಾನ್ಸಿ ಬೇಯ್ಲಿ ಒಂದು ಪರೀಕ್ಷಾ ಕ್ರಮವನ್ನು ರೂಪಿಸಿದ್ದರು. ಯಾವ ತಿಂಗಳಿಗೆ ಮಗು ಏನು ಮಾಡಬೇಕೆಂಬ ಅದರ ಲೆಕ್ಕ ಅಲ್ಲಿನ ಮಕ್ಕಳಿಂದ ಬಂದದ್ದು. ಭಾರತದ ಮಕ್ಕಳನ್ನು ಅದರಿಂದ ಅಳೆದರೆ ಆರೋಗ್ಯವಂತ ಮಗುವನ್ನು ಹಿಂದುಳಿದದ್ದೆಂದು, ತೊಂದರೆಯಿರುವ ಮಗುವನ್ನು ಸರಿಯಾಗಿದೆಯೆಂದು ತಪ್ಪಾಗಿ ಎಣಿಸುವ ಅಪಾಯವಿತ್ತು. ಇದನ್ನು ಮನಗಂಡು ಬರೋಡಾದ ಪ್ರಮೀಳಾ ಫಾಟಕ್ ಮತ್ತು ಸಂಗಡಿಗರು ಭಾರತೀಯ ಶಿಶುಗಳನ್ನು ತಿಂಗಳು ತಿಂಗಳೂ ಪರೀಕ್ಷಿಸಿ, 1970ರಲ್ಲಿ ನಮ್ಮ ಮಕ್ಕಳಿಗೆ ಅನ್ವಯಿಸುವ ಮಾನದಂಡವನ್ನು ಹೊರತಂದರು. ‘ಬರೋಡಾ ಮಾನದಂಡ’ವೆಂದು ಹೆಸರಾದ ಇದು 1997ರಲ್ಲಿ ಪರಿಷ್ಕೃತವಾಯಿತು. ಹುಟ್ಟಿನಿಂದ 30 ತಿಂಗಳವರೆಗಿನ ಮಕ್ಕಳಿಗೆ ಅನ್ವಯಿಸುವ ಇದರಲ್ಲಿ ಚಲನೆಗೆ ಸಂಬಂಧಿಸಿದ 67, ಮಾನಸಿಕ ಬೆಳವಣಿಗೆಗೆ ಸಂಬಂಧಿಸಿದ 163 ಅಂಶಗಳಿವೆ.

ಇಷ್ಟೊಂದು ಅಂಶಗಳ ಪರೀಕ್ಷೆಯನ್ನು ಹಳ್ಳಿಯ ಕಾರ್ಯಕರ್ತೆ ನಡೆಸುವುದು ಸಾಧ್ಯವಿಲ್ಲ. ಆದ್ದರಿಂದ ತಿರುವನಂತಪುರದ ಮಕ್ಕಳ ತಜ್ಞ ಡಾ. ಎಂ.ಕೆ.ಸಿ. ನಾಯರ್ ಮತ್ತು ಸಂಗಡಿಗರು ಬರೋಡಾ ಮಾನದಂಡದಿಂದ 17 ಅಂಶಗಳನ್ನು ಆಯ್ದು, 1991ರಲ್ಲಿ ಒಂದೇ ಹಾಳೆಯ ನಕ್ಷೆಯೊಂದನ್ನು ಪ್ರಕಟಿಸಿದರು. ಮುಖ ನೋಡಿ ನಗುವುದು, ಗಿಲಕಿಯ ಸದ್ದಿಗೆ ತಲೆ ತಿರುಗಿಸುವುದು, ಎರಡು ಪದ ನುಡಿಯುವುದು, ಗೊಂಬೆಯ ಅಂಗಗಳನ್ನು ತೋರಿಸುವುದು ಇವು ಅದರಲ್ಲಿ ಸೇರಿವೆ. ಮಗುವಿನ ವಯಸ್ಸಿಗೆ ನೇರವಾಗಿ ನಕ್ಷೆಯ ಮೇಲೆ ಪೆನ್ಸಿಲ್ ಇಟ್ಟರೆ, ಅದರ ಎಡಕ್ಕೆ ಬರುವುದೆಲ್ಲವನ್ನೂ ಮಗು ಮಾಡುತ್ತಿರಬೇಕು. ಕೆಲವೇ ನಿಮಿಷಗಳ ಕೆಲಸ. ಬರೋಡಾದ ಮಾನದಂಡಕ್ಕೆ ಆಧಾರವಾದ ಆ ಶಿಶುಗಳಿಗೆ ಈ ನಕ್ಷೆಯಿಂದ ಪ್ರಯೋಜನವಾಗಲಿಲ್ಲ. ಅವರ ತಾಯಂದಿರು ಕೊಟ್ಟ ಸಮಯದಿಂದ ಎಷ್ಟೋ ದೂರದ, ಎಷ್ಟೋ ವರ್ಷಗಳ ನಂತರದ ಮಕ್ಕಳಿಗೆ ಪ್ರಯೋಜನವಾಯಿತು.

ಬೆಳಗಾವಿಯ ಹಳ್ಳಿಗಳಲ್ಲಿ

ಅಳೆಯುವುದಷ್ಟೇ ಅಲ್ಲದೆ, ಮಗುವಿನ ಕಲಿಕೆಗೆ ಯಾವ ನೆರವು ಫಲಕಾರಿ ಎಂದು ಪರೀಕ್ಷಿಸುವ ಸಂಶೋಧನೆಗಳೂ ಇವೆ. ಮಹಿಳೆಯರ ಮತ್ತು ಮಕ್ಕಳ ಆರೋಗ್ಯ ಸಂಶೋಧನೆಗಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನೆರವಿನಿಂದ ಏರ್ಪಟ್ಟ ಜಾಗತಿಕ ಜಾಲದಲ್ಲಿ ಭಾರತದ ನಾಗಪುರ ಹಾಗೂ ಬೆಳಗಾವಿ ಎರಡೂ ಸೇರಿದ್ದವು. ಬೆಳಗಾವಿಯಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವೂ ನಾಗಪುರದಲ್ಲಿ ಲತಾ ವೈದ್ಯಕೀಯ ಸಂಶೋಧನಾ ಪ್ರತಿಷ್ಠಾನವೂ ಈ ಕಾರ್ಯದಲ್ಲಿ ಪಾಲ್ಗೊಂಡವು. ಈ ಜಾಲದ ಒಂದು ಅಧ್ಯಯನವನ್ನು ಬೆಳಗಾವಿ ಪ್ರದೇಶದಲ್ಲಿಯೂ ಪಾಕಿಸ್ತಾನ ಹಾಗೂ ಜಾಂಬಿಯಾ ದೇಶಗಳಲ್ಲಿಯೂ ನಡೆಸಿ, ಅದರ ಮುಖ್ಯ ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಲಾಯಿತು.

ಹುಟ್ಟಿದೊಡನೆ ಉಸಿರಾಡಲಾರದೆ, ಉಸಿರು ತುಂಬಿ ಬದುಕಿಸಿಕೊಂಡ ಶಿಶುಗಳೂ ಯಾವ ತೊಂದರೆಯೂ ಇಲ್ಲದೆ ಜನಿಸಿದ ಶಿಶುಗಳೂ ಈ ಅಧ್ಯಯನದಲ್ಲಿ ಇದ್ದವು. ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವಾರಗಳಿಗೊಮ್ಮೆ ಮನೆಗಳಿಗೆ ಭೇಟಿಯಿತ್ತರು. ಎಲ್ಲ ಮನೆಗಳಿಗೂ ಆರೋಗ್ಯ ಮತ್ತು ಸುರಕ್ಷತೆಯ ತಿಳಿವಳಿಕೆ ನೀಡಲಾಯಿತು. ಒಂದು ಗುಂಪಿನ ಮನೆಗಳಲ್ಲಿ ಮಾತ್ರ, ಅದಲ್ಲದೆ, ಮಗುವಿನೊಂದಿಗೆ ಆಡುವ, ಮಾತನಾಡಿಸುವ ಚಟುವಟಿಕೆಗಳನ್ನು ತಾಯಿಗೆ ತೋರಿಸಿಕೊಟ್ಟು, ದಿನಕ್ಕೆ ಸುಮಾರು 15 ನಿಮಿಷ ನಡೆಸುವಂತೆ ಹೇಳಲಾಯಿತು. ಯಾವ ಮಗು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತಿತ್ತು. ಮಕ್ಕಳಿಗೆ 36 ತಿಂಗಳು ತುಂಬಿದಾಗ, ಗುಂಪಿನ ವಿಷಯ ತಿಳಿಯದ ಪರೀಕ್ಷಕರು ಪರೀಕ್ಷೆ ನಡೆಸಿದರು. ಆಟ ಮಾತುಗಳ ಚಟುವಟಿಕೆ ಪಡೆದ ಮಕ್ಕಳ ಮಾನಸಿಕ ಬೆಳವಣಿಗೆಯ ಸರಾಸರಿ ಅಂಕ ಹೆಚ್ಚಾಗಿರುವುದು ಕಂಡುಬಂದಿತು.

ಚಟುವಟಿಕೆ ದೊರೆಯದ ಗುಂಪಿನ ಮನೆಗಳು ಇಲ್ಲದಿದ್ದರೆ ಈ ಫಲಿತಾಂಶವೇ ಸಿಗುತ್ತಿರಲಿಲ್ಲ ಎಂಬುದು ಇಲ್ಲಿ ಗಮನಾರ್ಹ. ಹೋಲಿಸಿ ನೋಡದೆ ಯಾವ ನೆರವು ಫಲಿಸಿತೆಂದು ಹೇಳಲಾಗದು. ಆದ್ದರಿಂದ ಇಂತಹ ಅಧ್ಯಯನಕ್ಕೆ ಒಪ್ಪುವ ಪೋಷಕರು ತಮ್ಮ ಮಗು ಎರಡನೆಯ ಗುಂಪಿಗೂ ಸೇರಬಹುದೆಂಬುದನ್ನು ಮೊದಲೇ ಅರಿತಿರಬೇಕು. ಅದನ್ನು ಮುಚ್ಚಿಟ್ಟು ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಮನೆಯ ಮಾತು, ಪ್ರಶ್ನೆಯ ಮಾತು

ಉಮರೇಡ್ ನಾಗಪುರದಿಂದ ಸುಮಾರು 45 ಕಿಲೋಮೀಟರ್ ದೂರದಲ್ಲಿರುವ, ಕಲ್ಲಿದ್ದಲ ಗಣಿಗೆ ಹೆಸರಾದ ಪಟ್ಟಣ. ಊರಿನ ಭಾಷೆ ಮರಾಠಿ. ಹಿಂದಿಯೂ ಕಿವಿಗೆ ಬೀಳುತ್ತಲೇ ಇರುತ್ತದೆ. ಉದ್ಯೋಗಕ್ಕಾಗಿ ಬೇರೆಡೆಯಿಂದ ಬಂದ ಕುಟುಂಬದ ಮನೆಮಾತು ಮೂರನೆಯದೇ ಆಗಿರಬಹುದು. ಬೆಳಗಾವಿ, ಕಾಸರಗೋಡು, ಸೊಲ್ಲಾಪುರಗಳಂತಹ ಗಡಿನಾಡಿನ ಮನೆಗಳಲ್ಲಿಯೂ ಇದೇ ಸ್ಥಿತಿ. ಇಂತಹ ಮನೆಯ ಮಗುವಿಗೆ ಒಂದೇ ಭಾಷೆಯ ಪದಪಟ್ಟಿ ಹಿಡಿದು “ಎಷ್ಟು ಪದ ಬರುತ್ತದೆ?” ಎಂದು ಕೇಳಿದರೆ ಉತ್ತರ ಅರ್ಧವೇ ಆಗುತ್ತದೆ. ಮನೆಯಲ್ಲಿ ‘ಹಾಲು’ ಎನ್ನುವ, ಬೀದಿಯಲ್ಲಿ ‘ದೂಧ್’ ಎನ್ನುವ ಮಗುವಿನ ಎರಡು ಪದಗಳೂ ಲೆಕ್ಕಕ್ಕೆ ಬರಬೇಕು.

ಪದಪಟ್ಟಿಯನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಹಾಗೆಯೇ ಅನುವಾದಿಸುವುದೂ ಸಲ್ಲದು. ತಾಯಂದಿರು ಕೂಸಿನೊಡನೆ ಆಡುವ ಮಾತಿಗೆ ಪ್ರತಿ ಭಾಷೆಯಲ್ಲಿಯೂ ಬೇರೆಯೇ ಪದಗಳುಂಟು. ಊಟಕ್ಕೆ ‘ಮಮ್ಮು’, ನಿದ್ದೆಗೆ ‘ತಾಚಿ’, ಹಸುವಿಗೆ ‘ಅಂಬಾ’ ಎಂಬುವು ನಿಘಂಟಿನಲ್ಲಿ ಹುಡುಕಿ ಕಲಿತ ಪದಗಳಲ್ಲ. ಮರಾಠಿಯ ಇಂತಹ ಶಿಶುನುಡಿಯನ್ನು ಕುರಿತು ಭಾಷಾವಿಜ್ಞಾನಿ ಅಶೋಕ ಕೇಳಕರ್ 1964ರಲ್ಲಿಯೇ ಲೇಖನ ಬರೆದಿದ್ದರು. ಅದೇ ವರ್ಷ ಚಾರ್ಲ್ಸ್ ಫರ್ಗ್ಯುಸನ್ ಆರು ಭಾಷೆಗಳ ಶಿಶುನುಡಿಯನ್ನು ಹೋಲಿಸಿ ಬರೆದ ಪ್ರಸಿದ್ಧ ಲೇಖನದಲ್ಲಿಯೂ ಮರಾಠಿಗೆ ಸ್ಥಾನ ದೊರೆತಿತು. ಅಮ್ಮನನ್ನು ‘ಅವ್ವ’ ಎನ್ನುವ ಮನೆ, ‘ಅಬ್ಬೆ’ ಎನ್ನುವ ಮನೆ, ‘ಆಯಿ’ ಎನ್ನುವ ಮನೆ ಇವೆಲ್ಲವನ್ನೂ ಬಲ್ಲ ಸ್ಥಳೀಯರು ಪ್ರಶ್ನೆಗಳನ್ನು ರೂಪಿಸುವಾಗ ಜೊತೆಗಿರಬೇಕು. ಉಮರೇಡ್‌ನಂತಹ ಊರುಗಳ ಸಾಮಾನ್ಯ ಮನೆಗಳು ಅಧ್ಯಯನದಿಂದ ಹೊರಗುಳಿದರೆ, ಮಾನದಂಡಗಳು ದೊಡ್ಡ ನಗರಗಳ ಮನೆಗಳನ್ನು ಮಾತ್ರ ಪ್ರತಿನಿಧಿಸುತ್ತವೆ. ಆ ಅಳತೆಗೋಲಿನಿಂದ ಅಳೆಯಿಸಿಕೊಳ್ಳುವವರು ಮಾತ್ರ ಎಲ್ಲ ಊರಿನ ಮಕ್ಕಳೂ ಆಗಿರುತ್ತಾರೆ.

ಒಪ್ಪಿಗೆ ಎಂದರೇನು?

ಹಸುಗೂಸು ತನ್ನ ಒಪ್ಪಿಗೆಯನ್ನಾಗಲಿ ನಿರಾಕರಣೆಯನ್ನಾಗಲಿ ಬಾಯಿಬಿಟ್ಟು ಹೇಳಲಾರದು. ಆದ್ದರಿಂದಲೇ ಅದರ ಪರವಾಗಿ ತೀರ್ಮಾನಿಸುವವರ ಹೊಣೆ ದೊಡ್ಡದು. ಮಾನವರನ್ನು ಒಳಗೊಂಡ ಸಂಶೋಧನೆಯ ನೀತಿಯನ್ನು ಕುರಿತು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1980ರಲ್ಲಿ ಮೊದಲ ಹೇಳಿಕೆಯನ್ನು ಹೊರಡಿಸಿತು. ಆ ಬಳಿಕ 2000, 2006 ಮತ್ತು 2017ರಲ್ಲಿ ವಿಸ್ತಾರವಾದ ಮಾರ್ಗಸೂಚಿಗಳು ಪ್ರಕಟವಾದವು. ಅವುಗಳ ಮುಖ್ಯಾಂಶಗಳನ್ನು ಪ್ರತಿಯೊಬ್ಬ ಪೋಷಕರೂ ತಿಳಿದಿರುವುದು ಲೇಸು.

ಪ್ರತಿ ಅಧ್ಯಯನವೂ ಆರಂಭವಾಗುವ ಮುನ್ನ ನೀತಿ ಸಮಿತಿಯೊಂದರ ಅನುಮೋದನೆ ಪಡೆಯಬೇಕು. ಈ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿದ್ದು, ಅಧ್ಯಕ್ಷರು ಆ ಸಂಸ್ಥೆಗೆ ಸೇರದವರಾಗಿರಬೇಕು. ವೈದ್ಯರು, ವಿಜ್ಞಾನಿಗಳಲ್ಲದೆ ಕಾನೂನು ಬಲ್ಲವರೂ ಜನಸಾಮಾನ್ಯರ ಪರವಾಗಿ ಒಬ್ಬರೂ ಅದರಲ್ಲಿರಬೇಕು. ಅಧ್ಯಯನದ ವಿವರವುಳ್ಳ ತಿಳಿವಳಿಕೆ ಪತ್ರವನ್ನು ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಓದುಬರಹ ಬಾರದವರಿಗೆ ಅದನ್ನು ಓದಿ ಹೇಳಿ, ಸಂಶೋಧಕರಿಗೆ ಸಂಬಂಧಿಸದ ಸಾಕ್ಷಿಯೊಬ್ಬರ ಸಮ್ಮುಖದಲ್ಲಿ ಹೆಬ್ಬೆಟ್ಟಿನ ಗುರುತು ಪಡೆಯಬೇಕು. ಯೋಚಿಸಲು, ಮನೆಯ ಹಿರಿಯರೊಂದಿಗೆ ಮಾತನಾಡಲು ಅವಕಾಶವಿರಬೇಕು.

ಒಪ್ಪಿಗೆ ಕೊಟ್ಟ ಮೇಲೂ ಯಾವಾಗ ಬೇಕಾದರೂ, ಕಾರಣ ಹೇಳದೆಯೇ ಹಿಂದೆ ಸರಿಯಬಹುದು. ಹಾಗೆ ಸರಿದರೆಂದು ಮಗುವಿಗೆ ದೊರೆಯಬೇಕಾದ ಚಿಕಿತ್ಸೆಯಾಗಲಿ, ಲಸಿಕೆಯಾಗಲಿ, ಅಂಗನವಾಡಿಯ ಸೌಲಭ್ಯವಾಗಲಿ ತಪ್ಪಕೂಡದು. ಪ್ರಯಾಣದ ವೆಚ್ಚವನ್ನೂ ಅಂದಿನ ಕೂಲಿಯ ನಷ್ಟವನ್ನೂ ತುಂಬಿಕೊಡುವುದು ಸರಿ. ಆಸೆ ಹುಟ್ಟಿಸಿ ಒಪ್ಪಿಸುವಷ್ಟು ಹಣ ನೀಡುವುದು ಸರಿಯಲ್ಲ. ಮಗು ದೊಡ್ಡದಾದಂತೆ ಅದರ ಮಾತಿಗೂ ಬೆಲೆಯುಂಟು: 7 ವರ್ಷ ಮೀರಿದ ಮಕ್ಕಳಿಂದ, ತಂದೆತಾಯಿಗಳ ಒಪ್ಪಿಗೆಯ ಜೊತೆಗೆ, ಅವರ ಸಮ್ಮತಿಯನ್ನೂ ಕೇಳಬೇಕು.

ಸಹಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಈ ಅಧ್ಯಯನ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ? ನಡೆಸುವ ಸಂಸ್ಥೆ ಯಾವುದು, ಹಣ ಕೊಡುವವರು ಯಾರು?

2. ನೀತಿ ಸಮಿತಿಯ ಅನುಮೋದನೆ ದೊರೆತಿದೆಯೇ? ಸಮಿತಿಯನ್ನು ನೇರವಾಗಿ ಸಂಪರ್ಕಿಸುವುದು ಹೇಗೆ?

3. ಮಗುವಿಗೆ ಏನೇನು ಮಾಡಲಾಗುತ್ತದೆ? ಎಷ್ಟು ಬಾರಿ, ಎಷ್ಟು ಹೊತ್ತು? ಆಗ ತಾಯಿ ಜೊತೆಯಲ್ಲಿ ಇರಬಹುದೇ?

4. ಮಕ್ಕಳನ್ನು ಬೇರೆ ಬೇರೆ ಗುಂಪುಗಳಾಗಿ ವಿಂಗಡಿಸುತ್ತಾರೆಯೇ? ಒಂದು ಗುಂಪಿಗೆ ದೊರೆಯುವುದು ಇನ್ನೊಂದಕ್ಕೆ ದೊರೆಯದೆ ಹೋಗುವುದೇ?

5. ಧ್ವನಿ ಹಾಗೂ ಚಿತ್ರಗಳನ್ನು ಯಾರು ಕೇಳುತ್ತಾರೆ, ನೋಡುತ್ತಾರೆ? ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ? ಬೇಡವೆಂದರೆ ಅಳಿಸಿಹಾಕುತ್ತಾರೆಯೇ?

6. ಪರೀಕ್ಷೆಯಲ್ಲಿ ಮಗುವಿಗೆ ಏನಾದರೂ ತೊಂದರೆ ಇರುವಂತೆ ಕಂಡರೆ ನಮಗೆ ತಿಳಿಸುತ್ತೀರಾ? ಮುಂದೆ ಎಲ್ಲಿಗೆ ಕಳುಹಿಸುತ್ತೀರಿ?

7. ಅಧ್ಯಯನ ಮುಗಿದ ಮೇಲೆ ಫಲಿತಾಂಶವನ್ನು ನಮ್ಮ ಭಾಷೆಯಲ್ಲಿ ನಮಗೆ ತಿಳಿಸುವಿರಾ?

ಐದನೆಯ ಪ್ರಶ್ನೆಗೆ ವಿಶೇಷ ಗಮನ ಕೊಡುವುದು ಅವಶ್ಯ. ಮನೆಯಲ್ಲಿ ಇರಿಸಿದ ಧ್ವನಿಮುದ್ರಣ ಯಂತ್ರ ಮಗುವಿನ ತೊದಲನ್ನಷ್ಟೇ ಕೇಳಿಸಿಕೊಳ್ಳುವುದಿಲ್ಲ. ಗಂಡಹೆಂಡಿರ ಜಗಳ, ಸಾಲದ ಮಾತು, ನೆರೆಮನೆಯವರ ಸುದ್ದಿ ಎಲ್ಲವೂ ಅದರಲ್ಲಿ ಸೇರುತ್ತದೆ. ಬೇಕೆಂದಾಗ ಯಂತ್ರವನ್ನು ನಿಲ್ಲಿಸುವ ಅವಕಾಶ ಇರಬೇಕು. ಮನೆಗೆ ಬಂದ ನೆಂಟರಿಗೂ ವಿಷಯ ತಿಳಿಸಬೇಕು. ಈ ಪ್ರಶ್ನೆಗಳಿಗೆ ಸಮಾಧಾನದಿಂದ ಉತ್ತರಿಸುವುದು ಸಂಶೋಧಕರ ಕರ್ತವ್ಯ. ಉತ್ತರಿಸಲು ಬೇಸರಪಡುವವರಿಗೆ ಒಪ್ಪಿಗೆ ಕೊಡದಿರುವುದೇ ಮೇಲು.

ಸಂಶೋಧನೆ ಚಿಕಿತ್ಸೆಯಲ್ಲ

ಮಗುವಿನ ಮಾತಿನ ಬಗ್ಗೆ ಸಂದೇಹವಿರುವ ಪೋಷಕರು ಸಂಶೋಧಕರ ಹಾದಿ ಕಾಯಬಾರದು. ಸಂಶೋಧನೆಯ ಉದ್ದೇಶ ಜ್ಞಾನವನ್ನು ಗಳಿಸುವುದು. ಮಗುವಿಗೆ ಬೇಕಾದದ್ದು ತಪಾಸಣೆ ಹಾಗೂ ನೆರವು. ಕಿವಿ ಕೇಳಿಸದ ಮಕ್ಕಳು ಕೂಡ ಮೊದಲ ತಿಂಗಳುಗಳಲ್ಲಿ ಅಳುತ್ತವೆ, ನಗುತ್ತವೆ, ಸ್ವರ ಹೊರಡಿಸುತ್ತವೆ. ಇದರಿಂದಾಗಿ ಕಿವುಡುತನ ತಿಂಗಳುಗಟ್ಟಲೆ ಯಾರ ಗಮನಕ್ಕೂ ಬಾರದೆ ಹೋಗುವುದುಂಟು. ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ನೆರವಿನ ಆರಂಭ ಎಂಬುದು ತಜ್ಞರು ಒಪ್ಪಿರುವ ಸೂತ್ರ. ನಿದ್ರಿಸುತ್ತಿರುವ ಮಗುವಿನ ಕಿವಿಯಲ್ಲಿ ಪುಟ್ಟ ಉಪಕರಣವಿಟ್ಟು, ನೋವಿಲ್ಲದೆ ಕೆಲವೇ ನಿಮಿಷಗಳಲ್ಲಿ ಈ ತಪಾಸಣೆ ನಡೆಸಬಹುದು.

ಒಂದು ವರ್ಷವಾದರೂ ತೊದಲದಿರುವುದು, ಕೈಸನ್ನೆ ಮಾಡದಿರುವುದು, ಹದಿನಾರು ತಿಂಗಳಾದರೂ ಒಂದು ಪದವನ್ನೂ ಆಡದಿರುವುದು, ಎರಡು ವರ್ಷವಾದರೂ ಎರಡು ಪದ ಜೋಡಿಸದಿರುವುದು, ಯಾವುದೇ ವಯಸ್ಸಿನಲ್ಲಿ ಕಲಿತ ಮಾತು ಮರೆಯುವುದು ಇವು ಎಚ್ಚರಿಕೆಯ ಸೂಚನೆಗಳು. “ಅವರಪ್ಪನೂ ತಡವಾಗಿಯೇ ಮಾತು ಕಲಿತ” ಎಂದು ಸಮಾಧಾನ ತಂದುಕೊಳ್ಳದೆ ಆಶಾ ಕಾರ್ಯಕರ್ತೆಯನ್ನಾಗಲಿ, ಸಮೀಪದ ಸರ್ಕಾರಿ ಆಸ್ಪತ್ರೆಯನ್ನಾಗಲಿ ಸಂಪರ್ಕಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಕಿವುಡುತನ ಹಾಗೂ ಮಾತಿನ ಬೆಳವಣಿಗೆಯ ವಿಳಂಬವೂ ಸೇರಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಮುಂಬಯಿಯ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಈ ಕ್ಷೇತ್ರದಲ್ಲಿ ಚಿಕಿತ್ಸೆ, ತರಬೇತಿ, ಸಂಶೋಧನೆ ಮೂರನ್ನೂ ನಡೆಸುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆಗಳು.

ಅಧ್ಯಯನಕ್ಕೆ ಮಗುವನ್ನು ಸೇರಿಸುವುದೂ ಬಿಡುವುದೂ ಪೋಷಕರಿಗೆ ಬಿಟ್ಟದ್ದು. ಬೇಡವೆಂದವರು ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಒಪ್ಪುವವರು ಎಲ್ಲವನ್ನೂ ಕೇಳಿ ತಿಳಿದು, ತಿಳಿವಳಿಕೆ ಪತ್ರದ ಒಂದು ಪ್ರತಿಯನ್ನು ಮನೆಯಲ್ಲಿ ಇರಿಸಿಕೊಂಡು ಒಪ್ಪಬೇಕು. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಕೂಸಿನೊಡನೆ ಆಡುವ ಮಾತಿಗೆ ಯಾರ ಅನುಮೋದನೆಯೂ ಬೇಕಿಲ್ಲ. ಸ್ನಾನ ಮಾಡಿಸುವಾಗ, ಉಣಿಸುವಾಗ, ತೊಟ್ಟಿಲು ತೂಗುವಾಗ ಅದರ ಮುಖ ನೋಡಿ ಮಾತನಾಡಬೇಕು; ಅದು ತೊದಲಿದಾಗ ತಡೆದು ನಿಂತು, ಉತ್ತರ ಕೊಡಬೇಕು.